ಧ್ವಜ ಕೊಳ್ಳುವ ಮೊದಲು ಬಟ್ಟೆ ಮುಟ್ಟಿ ನೋಡಿ

ನಿಮ್ಮ ಮನೆಯ ರಾಷ್ಟ್ರಧ್ವಜ ಈಗ ಎಲ್ಲಿದೆ? ಒಂದು ಗಳಿಗೆ ಎದ್ದು ಹೋಗಿ ನೋಡಿಕೊಂಡು ಬನ್ನಿ. ಬೀರುವಿನಲ್ಲಿ ಒಗೆದ ಬಟ್ಟೆಗಳ ನಡುವೆ ನೀಟಾಗಿ ಮಡಚಿಟ್ಟಿದ್ದರೆ ನೀವು ಜಾಣರು, ಉಳಿದದ್ದನ್ನು ಬಿಡುವಾದಾಗ ಓದಿದರೂ ನಡೆದೀತು. ಅಟ್ಟದ ಮೇಲೆ ಹಳೇ ಕ್ಯಾಲೆಂಡರು, ಮುರಿದ ಛತ್ರಿ, ಗಣಪತಿ ಮಂಟಪದ ತೋರಣಗಳ ಜೊತೆ ತುರುಕಿಟ್ಟಿದ್ದರೆ ಮಾತ್ರ ಇಲ್ಲೇ ಕೂತು ಪೂರ್ತಿ ಕೇಳಿಸಿಕೊಳ್ಳಿ. ನೀವು ಬೇಕೆಂದು ಹಾಗೆ ಮಾಡಿದವರಲ್ಲ ಅಂತ ನನಗೆ ಗೊತ್ತು. ಆಗಸ್ಟ್ ಹದಿನೈದರ ಸಂಜೆ ಮಳೆ ಬಂದಿರುತ್ತದೆ. ಒದ್ದೆ ಧ್ವಜವನ್ನು ಅವಸರದಲ್ಲಿ ಇಳಿಸಿ, ಕೋಲಿಗೇ ಸುತ್ತಿ, ನಾಳೆ ನೋಡೋಣ ಎಂದು ಮೂಲೆಗೆ ನಿಲ್ಲಿಸಿರುತ್ತೀರಿ. ಆ ನಾಳೆ ಬರುವುದು ಮುಂದಿನ ಆಗಸ್ಟಿಗೆ. ಬಿಚ್ಚಿ ನೋಡಿದರೆ ಕೇಸರಿ ಬಣ್ಣ ಬಿಳಿಗೆ ಇಳಿದಿದೆ, ಹಸಿರಿನ ಮೇಲೆ ಬೂಷ್ಟು ಕೂತಿದೆ. ‘ಹೋಗಲಿ ಬಿಡಿ, ಇಪ್ಪತ್ತೈದು ರೂಪಾಯಿದು ತಾನೇ’ ಎಂದು ಇನ್ನೊಂದು ತರುತ್ತೀರಿ. ನನಗೆ ಬೇಸರವಾಗುವುದು ಆ ಮಾತಿಗೆ.

ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವಳು ನಾನು. ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡದೆ ಅದರ ಬಗ್ಗೆ ಮಾತಾಡುವ ಅಭ್ಯಾಸವಿಲ್ಲ. ನಮ್ಮ ಧಾರವಾಡದ ಸೀಮೆಗೂ ರಾಷ್ಟ್ರಧ್ವಜಕ್ಕೂ ಹಳೆಯ ನಂಟು. ಇಲ್ಲಿನ ಗರಗದ ಮಗ್ಗಗಳಲ್ಲಿ ಧ್ವಜದ ಖಾದಿ ನೇಯ್ದಿದ್ದಾರೆ, ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅದು ಧ್ವಜವಾಗುತ್ತದೆ. ಒಂದು ಧ್ವಜಕ್ಕೆ ಎಷ್ಟು ಕೈ ಸೇರುತ್ತವೆ ಎಂದು ತಿಳಿದವರು ಅದನ್ನು ಮೂಲೆಗೆ ಒಗೆಯುವುದಿಲ್ಲ. ಹಾಗಾಗಿ ಮೊದಲು ಅದು ಹೇಗೆ ಆಗುತ್ತದೆ ಅಂತ ಹೇಳಿ, ಆಮೇಲೆ ಹೇಗೆ ನೋಡಿಕೊಳ್ಳಬೇಕು ಅಂತ ಹೇಳುತ್ತೇನೆ.

1947ರ ಜುಲೈ 22ರಂದು ಸಂವಿಧಾನ ರಚನಾ ಸಭೆ ಈ ಧ್ವಜವನ್ನು ಒಪ್ಪಿಕೊಂಡಿತು. ಸ್ವಾತಂತ್ರ್ಯ ಬಂದ ನಾಲ್ಕೇ ವರ್ಷಕ್ಕೆ, 1951ರಲ್ಲಿ, ಅದನ್ನು ಹೇಗೆ ತಯಾರಿಸಬೇಕು ಎಂಬುದಕ್ಕೆ ಮಾನಕ ಬಂತು. ಗ್ಯಾಸ್ ಒಲೆಗೆ, ಸಿಮೆಂಟಿಗೆ, ಕುಕ್ಕರಿಗೆ ಐಎಸ್‌ಐ ಗುರುತು ನೋಡಿ ಕೊಳ್ಳುತ್ತೀರಲ್ಲ, ಆ ಮಾನಕಗಳ ಸಾಲಿನಲ್ಲಿ ಒಂದನೇ ನಂಬರು ಧ್ವಜದ್ದು. ಐಎಸ್ 1 ಅಂದರೆ ರಾಷ್ಟ್ರಧ್ವಜ. ಮೀಟರು ಸೆಂಟಿಮೀಟರಿನ ಲೆಕ್ಕ ಬಂದ ಮೇಲೆ ಅದನ್ನು ತಿದ್ದಿದರು, 1968ರಲ್ಲಿ ಮತ್ತೊಮ್ಮೆ ಪರಿಷ್ಕರಿಸಿದರು. ನೂಲು, ನೇಯ್ಗೆ, ಬಣ್ಣದ ಛಾಯೆ, ಹೊಲಿಗೆ, ಹಗ್ಗ, ಎಲ್ಲಕ್ಕೂ ಅದರಲ್ಲಿ ಲೆಕ್ಕವಿದೆ. ಹೊಲಿಗೆಯ ದಾರವೂ ಆಯಾ ಪಟ್ಟಿಯ ಬಣ್ಣದ್ದೇ ಇರಬೇಕು. ಕುಕ್ಕರಿಗೆ ನೋಡುವ ಗುರುತನ್ನು ಧ್ವಜಕ್ಕೆ ನೋಡುವವರು ಎಷ್ಟು ಜನ? ಇನ್ನು ಮುಂದೆ ನೋಡಿ.

ಈಗ ಬಟ್ಟೆಗೆ ಬರೋಣ. ಖಾದಿ ಧ್ವಜದಲ್ಲಿ ಎರಡು ತರದ ಬಟ್ಟೆ ಇರುತ್ತದೆ. ಗಾಳಿಗೆ ಹಾರುವ ಮೂರು ಪಟ್ಟಿಗಳದ್ದು ಖಾದಿ ಬಂಟಿಂಗ್. ಕಂಬದ ಕಡೆ ಹಗ್ಗ ತೂರಿಸಲು ಒಂದು ದಪ್ಪ ಪಟ್ಟಿ ಹೊಲಿದಿರುತ್ತಾರೆ, ಮಾಸಲು ಬಿಳಿ ಬಣ್ಣದ್ದು. ಅದು ಖಾದಿ ಡಕ್. ಹತ್ತಿಯನ್ನು ಹಿಂಜಿ, ಹಂಜಿ ಮಾಡಿ, ಚರಕದಲ್ಲಿ ನೂಲು ತೆಗೆದು ಲಡಿ ಕಟ್ಟುವುದು ಮೊದಲ ಕೆಲಸ. ನೂಲುವವರಲ್ಲಿ ಹೆಂಗಸರೇ ಹೆಚ್ಚು. ಮನೆಗೆಲಸ ಮುಗಿಸಿ ಬಂದು ಚರಕದ ಮುಂದೆ ಕೂರುತ್ತಾರೆ. ಎಳೆ ಎಲ್ಲೂ ಗಂಟಾಗಬಾರದು, ಸಣ್ಣಗಾಗಿ ಕಡಿಯಬಾರದು. ಧ್ವಜದ ನೂಲು ಸ್ವಲ್ಪ ಹೆಚ್ಚುಕಡಿಮೆಯಾದರೂ ಮುಂದೆ ಬಟ್ಟೆಯ ತೂಕ ತಪ್ಪುತ್ತದೆ, ತೂಕ ತಪ್ಪಿದರೆ ಪರೀಕ್ಷೆಯಲ್ಲಿ ಅದು ಉಳಿಯುವುದಿಲ್ಲ.

ಆ ಡಕ್ ಬಟ್ಟೆಯನ್ನು ನೀವು ಗಮನಿಸಿರಲಿಕ್ಕಿಲ್ಲ. ಬಣ್ಣವಿಲ್ಲ, ಚಕ್ರವಿಲ್ಲ, ಯಾರೂ ಅದಕ್ಕೆ ಸೆಲ್ಯೂಟ್ ಹೊಡೆಯುವುದಿಲ್ಲ. ಆದರೆ ಗಾಳಿ ಧ್ವಜವನ್ನು ಎಳೆಯುವ ಅಷ್ಟೂ ಭಾರ ಅದರ ಮೇಲೆಯೇ ಬೀಳುವುದು. ಸಾಮಾನ್ಯ ನೇಯ್ಗೆಯಲ್ಲಿ ಎರಡೆಳೆ ಹೆಣೆಯುವ ಕಡೆ ಇದರಲ್ಲಿ ಮೂರೆಳೆ ಹೆಣೆಯುತ್ತಾರೆ. ಹಾಗೆ ನೇಯಬಲ್ಲ ಕೈಗಳು ನಮ್ಮಲ್ಲಿ ಹೆಚ್ಚಿಲ್ಲ. ಸೊಸೆಯನ್ನು ನೋಡುವ ಮೊದಲು ತಾಯಿಯನ್ನು ನೋಡು ಅಂತಾರಲ್ಲ, ಹಾಗೆ ಧ್ವಜ ಕೊಳ್ಳುವಾಗ ಮೊದಲು ಈ ಪಟ್ಟಿಯನ್ನು ಹಿಡಿದು ನೋಡಿ. ಅದು ಗಟ್ಟಿಯಾಗಿ, ಒತ್ತಾಗಿ, ಎರಡೂ ತುದಿಯಲ್ಲಿ ಮಡಚಿ ಹೊಲಿದಿದ್ದರೆ ಉಳಿದ ಕೆಲಸವೂ ಶ್ರದ್ಧೆಯಿಂದ ಆಗಿದೆ ಎಂದು ತಿಳಿಯಿರಿ. ತೆಳ್ಳನೆಯ ಬಟ್ಟೆಯನ್ನು ಒಂದೇ ಸುತ್ತು ಹೊಲಿದು ಕೊಳವೆ ಮಾಡಿದ್ದರೆ ಅಂಗಡಿಯವನಿಗೆ ವಾಪಸು ಕೊಡಿ. ಮೊದಲ ಗಾಳಿಗೇ ಅದು ಕೀಳುತ್ತದೆ.

ನೇಯ್ದ ಬಟ್ಟೆಯನ್ನು ಮೂರು ಪಾಲು ಮಾಡಿ, ಒಂದಕ್ಕೆ ಕೇಸರಿ, ಒಂದಕ್ಕೆ ಹಸಿರು ಬಣ್ಣ ಹಾಕುತ್ತಾರೆ. ಇನ್ನೊಂದನ್ನು ಬಿಳುಪು ಮಾಡುತ್ತಾರೆ. ಅಂದರೆ ಒಳ್ಳೆಯ ಧ್ವಜ ಒಂದೇ ಬಟ್ಟೆಯ ಮೇಲೆ ಮೂರು ಬಣ್ಣ ಬಳಿದದ್ದಲ್ಲ, ಬೇರೆ ಬೇರೆ ಬಣ್ಣದಲ್ಲಿ ಅದ್ದಿದ ಮೂರು ಪಟ್ಟಿ ಕೂಡಿಸಿ ಹೊಲಿದದ್ದು. ಬಣ್ಣ ಬಿಸಿಲಿಗೂ ನೀರಿಗೂ ನಿಲ್ಲಬೇಕು. ಕೇಸರಿ ಅಂದರೆ ಕೇಸರಿಯೇ ಆಗಬೇಕು, ಟೊಮೆಟೊ ಕೆಂಪಾಗಬಾರದು, ಅರಿಶಿನವೂ ಆಗಬಾರದು. ಬಣ್ಣ ನಿಲ್ಲುತ್ತದೆಯೇ ಎಂದು ಪರೀಕ್ಷಿಸಲು ನಿಮಗೆ ಪ್ರಯೋಗಾಲಯ ಬೇಡ. ಬಿಳಿ ಕರವಸ್ತ್ರದ ತುದಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಕೇಸರಿ ಪಟ್ಟಿಯ ಮೂಲೆಯಲ್ಲಿ ಹತ್ತು ಸಲ ಮೃದುವಾಗಿ ಉಜ್ಜಿ. ಕರವಸ್ತ್ರಕ್ಕೆ ಬಣ್ಣ ಹತ್ತಿದರೆ ಮೊದಲ ಮಳೆಗೆ ಬಿಳಿ ಪಟ್ಟಿ ಬಿಳಿಯಾಗಿ ಉಳಿಯುವುದಿಲ್ಲ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಸೀರೆ ಕೊಳ್ಳುವಾಗ ಹತ್ತು ಸಲ ಅಂಚು ತಿರುವಿ ನೋಡುವ ನಾವು ಇಲ್ಲಿ ಯಾಕೆ ಸಂಕೋಚಪಡಬೇಕು?

ಬಿಳಿ ಪಟ್ಟಿಯ ನಡುವೆ ಅಶೋಕ ಚಕ್ರ. ಕಡುನೀಲಿ, ಇಪ್ಪತ್ತನಾಲ್ಕು ಅರೆ, ಅರೆಗಳ ನಡುವೆ ಸಮ ಅಂತರ. ಅದನ್ನು ಅಚ್ಚು ಹಾಕಬಹುದು, ಕಸೂತಿಯಲ್ಲೂ ತೆಗೆಯಬಹುದು. ಯಾವ ರೀತಿಯಲ್ಲಿ ಮಾಡಿದರೂ ಎರಡೂ ಬದಿಯಿಂದ ಸ್ಪಷ್ಟವಾಗಿ ಕಾಣಬೇಕು. ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕುವಾಗ ಒಂದರ ಬೆನ್ನಿಗೆ ಇನ್ನೊಂದು ಸರಿಯಾಗಿ ಕೂರಬೇಕು, ಕೂದಲೆಳೆಯಷ್ಟು ಸರಿದರೂ ಬೆಳಕಿಗೆ ಹಿಡಿದಾಗ ಚಕ್ರ ಎರಡಾಗಿ ಕಾಣುತ್ತದೆ. ನನಗಂತೂ ಇಡೀ ಕೆಲಸದಲ್ಲಿ ಕಷ್ಟದ್ದು ಇದೇ ಅನಿಸುತ್ತದೆ, ಯಾಕೆಂದರೆ ಹೊಲಿಗೆ ತಪ್ಪಿದರೆ ಬಿಚ್ಚಿ ಹೊಲಿಯಬಹುದು, ಅಚ್ಚು ತಪ್ಪಿದರೆ ಬಟ್ಟೆಯೇ ಹೋಯಿತು. ಕೊಳ್ಳುವಾಗ ಧ್ವಜವನ್ನು ಕಿಟಕಿಯ ಕಡೆ ಹಿಡಿಯಿರಿ. ಅರೆಗಳನ್ನು ಎಣಿಸಿ. ನಾಚಿಕೆ ಬೇಡ, ಮಕ್ಕಳ ಕೈಲೇ ಎಣಿಕೆ ಮಾಡಿಸಿ. ಇಪ್ಪತ್ತೆರಡು ಅರೆಯ ಚಕ್ರ, ಮೊಟ್ಟೆಯ ಹಾಗೆ ಉದ್ದಕ್ಕೆ ಎಳೆದ ಚಕ್ರ, ಒಂದು ಬದಿಗೆ ಸರಿದ ಚಕ್ರ, ಎಲ್ಲವನ್ನೂ ನಾನು ಆಗಸ್ಟಿನ ಪೇಟೆಯಲ್ಲಿ ಕಂಡಿದ್ದೇನೆ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರೆ ಇನ್ನೇನಾದೀತು?

ಆಮೇಲೆ ಹೊಲಿಗೆ. ಮೂರು ಪಟ್ಟಿಯೂ ಅಗಲದಲ್ಲಿ ಸಮ ಇರಬೇಕು, ಕೂಡಿದ ಮೇಲೆ ಉದ್ದಕ್ಕೂ ಎತ್ತರಕ್ಕೂ ಮೂರಕ್ಕೆ ಎರಡರ ಲೆಕ್ಕ ಬರಬೇಕು. ಹೊಲಿಗೆಯ ಅಂಚು ಒಳಗೆ ಮಡಚಿರಬೇಕು. ಧ್ವಜಕ್ಕೆ ಹಿಂಬದಿ ಅಂತ ಇಲ್ಲ ನೋಡಿ, ಎರಡು ಬದಿಯೂ ಮುಂಬದಿಯೇ. ಕುಪ್ಪಸದ ಒಳಗಿನ ಹೊಲಿಗೆ ಯಾರಿಗೂ ಕಾಣದು ಎಂಬ ಸಡಿಲು ಇಲ್ಲಿ ಇಲ್ಲ. ಕೊನೆಗೆ ಡಕ್ ಪಟ್ಟಿಯೊಳಗೆ ಹಗ್ಗ ತೂರಿಸಿ, ಕಂಬದ ಹಗ್ಗದ ಕುಣಿಕೆಗೆ ಸಿಕ್ಕಿಸಲು ಮರದ ಸಣ್ಣ ಗುಬುಟು ಕಟ್ಟುತ್ತಾರೆ, ಅದಕ್ಕೆ ಟಾಗಲ್ ಅಂತ ಹೆಸರು. ಇಸ್ತ್ರಿ ಮಾಡಿ, ಪರೀಕ್ಷಿಸಿ, ಕಟ್ಟು ಕಟ್ಟುತ್ತಾರೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಈ ಕೆಲಸ ಮಾಡುವುದು ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1957ರ ನವೆಂಬರ್ 1ರಂದು ಹುಟ್ಟಿದ ಸಂಸ್ಥೆ. ಮಾನಕ ಬ್ಯೂರೋದ ಪರವಾನಗಿ ಪಡೆದು 2006ರ ಸುಮಾರಿನಿಂದ ಧ್ವಜ ತಯಾರಿಸಿ ದೇಶಕ್ಕೆಲ್ಲ ಕಳಿಸುತ್ತಿದೆ. ಅಲ್ಲಿ ಹೊಲಿಗೆಯಂತ್ರದ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಂಗಸರು. ನೂಲುವುದು, ನೇಯುವುದು, ಬಣ್ಣ, ಚಕ್ರದ ಅಚ್ಚು, ಹೊಲಿಗೆ, ಹಗ್ಗ, ಒಂದೊಂದು ಹಂತದಲ್ಲೂ ಅಳೆದು ನೋಡುತ್ತಾರೆ. ಅಳತೆ ತಪ್ಪಿದ್ದು ಪಕ್ಕಕ್ಕೆ ಹೋಗುತ್ತದೆ. ಇಷ್ಟೆಲ್ಲ ಮಾಡಿ ಕಳಿಸಿದ್ದನ್ನು ನೀವು ಮುಳ್ಳುತಂತಿಗೆ ಸಿಕ್ಕಿಸಿ ಹರಿದರೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಪಾಲಿಯೆಸ್ಟರಿನ ಮಾತು ಕೇಳುತ್ತೀರಿ ಅಂತ ಗೊತ್ತು. 2002ರ ಧ್ವಜ ಸಂಹಿತೆಯಲ್ಲಿ ಕೈಯಿಂದ ನೂತು ಕೈಯಿಂದ ನೇಯ್ದ ಹತ್ತಿ, ಉಣ್ಣೆ ಅಥವಾ ರೇಷ್ಮೆ ಖಾದಿಯೇ ಆಗಬೇಕು ಎಂದಿತ್ತು. 2021ರ ಡಿಸೆಂಬರಿನಲ್ಲಿ ಅದನ್ನು ತಿದ್ದಿ, ಯಂತ್ರದಲ್ಲಿ ಮಾಡಿದ್ದಕ್ಕೂ ಪಾಲಿಯೆಸ್ಟರಿಗೂ ಅನುಮತಿ ಕೊಟ್ಟರು. ಮರುವರ್ಷ ಮನೆಮನೆಗೂ ಧ್ವಜ ಎಂಬ ಕರೆ ಬಂತು, ಅಷ್ಟು ಕೋಟಿ ಮನೆಗಳಿಗೆ ಕೈಮಗ್ಗದಿಂದ ಒಮ್ಮೆಲೇ ಒದಗಿಸುವುದು ಆಗದ ಮಾತು. ಆ ಅಡಚಣೆ ನನಗೂ ಅರ್ಥವಾಗುತ್ತದೆ. ಬಡವರ ಮನೆಯ ಮೇಲೆ ಪಾಲಿಯೆಸ್ಟರ್ ಧ್ವಜ ಹಾರಿದರೆ ಅದಕ್ಕೂ ಅಷ್ಟೇ ಗೌರವ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಖಾದಿಗೆ ಕೊಡುವ ಶಕ್ತಿ ಇದ್ದೂ, ಹೋಟೆಲಿನಲ್ಲಿ ಒಂದು ಸಂಜೆಗೆ ಅದರ ಎರಡು ಪಟ್ಟು ಖರ್ಚು ಮಾಡಿಯೂ, ಧ್ವಜದ ಮುಂದೆ ಮಾತ್ರ ಅಗ್ಗ ಹುಡುಕುವುದು ನನಗೆ ಸರಿ ಕಾಣದು. ನಿಮ್ಮ ಒಂದು ಧ್ವಜದಿಂದ ನೂಲುವವರಿಗೆ, ನೇಯುವವರಿಗೆ, ಹೊಲಿಯುವವರಿಗೆ ಒಂದಿಷ್ಟು ಕೂಲಿ ಹುಟ್ಟುತ್ತದೆ. ವರ್ಷಕ್ಕೊಂದು ಕೊಂಡು ಎಸೆಯುವ ಬದಲು ಒಂದೇ ಒಳ್ಳೆಯದನ್ನು ಕೊಂಡು ಹತ್ತು ವರ್ಷ ಬಾಳಿಸಿ. ವರ್ಷದಲ್ಲಿ ಎರಡು ದಿನ ಹಾರುವ ಖಾದಿ ಧ್ವಜ ಜೋಪಾನ ಮಾಡಿದರೆ ಅಷ್ಟು ಬಾಳದೆ ಏನು?

ಪಾಲಿಯೆಸ್ಟರೇ ಅನುಕೂಲವಾಗುವ ಜಾಗಗಳೂ ಇವೆ, ಅದನ್ನು ಮುಚ್ಚಿಡುವುದಿಲ್ಲ. ಬೆಳಗಾವಿಯ ಕೋಟೆ ಕೆರೆಯ ಬಳಿ 110 ಮೀಟರ್ ಎತ್ತರದ ಕಂಬವಿದೆ. ಅಂಥ ಎತ್ತರದಲ್ಲಿ ದೊಡ್ಡ ಧ್ವಜದ ಮೇಲೆ ಬೀಸುವ ಗಾಳಿಗೂ ಮಳೆಗೂ ಹತ್ತಿ ನೀರು ಕುಡಿದು ಭಾರವಾಗುತ್ತದೆ, ಬೇಗ ಹರಿಯುತ್ತದೆ. ಹಗಲಿರುಳು ಹಾರಿಸುವವರಿಗೂ ಅದೇ ಅನುಕೂಲ. 2022ರ ಜುಲೈನಿಂದ ಸಾಮಾನ್ಯ ಜನರೂ ಮನೆಯ ಮೇಲೆ ರಾತ್ರಿ ಹೊತ್ತೂ ಧ್ವಜ ಹಾರಿಸಬಹುದು. ಆದರೆ ಹಾರಿಸಬಹುದು ಎಂದರೆ ಹಾರಿಸಿ ಮರೆತುಬಿಡಬಹುದು ಎಂದಲ್ಲ. ಆಗಸ್ಟಿನಲ್ಲಿ ಕಟ್ಟಿದ್ದು ಸಂಕ್ರಾಂತಿಯ ತನಕ ಬಾಲ್ಕನಿಯಲ್ಲಿ ಎಳೆ ಬಿಟ್ಟು ಜೋಲಾಡುವುದನ್ನು ನೋಡಿದರೆ ಹೊಟ್ಟೆ ಕಿವುಚುತ್ತದೆ. ಹರಿದ, ಮಾಸಿದ ಧ್ವಜವನ್ನು ಹಾರಿಸಬಾರದು ಎಂದು ಸಂಹಿತೆಯೇ ಹೇಳುತ್ತದೆ. ಹರಿಯಲು ಶುರುವಾಗುವುದು ಸಾಮಾನ್ಯವಾಗಿ ಕಂಬದಿಂದ ದೂರ ಇರುವ ಅಂಚಿನಿಂದ. ದಿನಾ ಬೆಳಿಗ್ಗೆ ಆ ಅಂಚನ್ನು ಒಮ್ಮೆ ನೋಡುವ ಪುರುಸೊತ್ತು ಇಲ್ಲದವರು ಸಂಜೆಗೆ ಇಳಿಸಿಬಿಡಿ.

ಪ್ಲಾಸ್ಟಿಕ್ಕಿನದನ್ನು ಮಾತ್ರ ಮನೆಗೆ ತರಲೇಬೇಡಿ. ಧ್ವಜಕ್ಕೆ ಪ್ಲಾಸ್ಟಿಕ್ ಸಲ್ಲದು. ಮಣ್ಣಿನಲ್ಲಿ ಕರಗದು, ಗೌರವದಿಂದ ವಿಲೇವಾರಿ ಮಾಡಲೂ ಬರದು. ಮಕ್ಕಳಿಗೆ ಕೈಯಲ್ಲಿ ಹಿಡಿಯಲು ಕಾಗದದ್ದು ಕೊಡಿಸಿ, ರಾಷ್ಟ್ರೀಯ ಹಬ್ಬಗಳಲ್ಲಿ, ಆಟದ ಪಂದ್ಯಗಳಲ್ಲಿ ಅದಕ್ಕೆ ಅನುಮತಿ ಇದೆ. ಆದರೆ ಎಷ್ಟು ಕೊಡಿಸಿದಿರೋ ಅಷ್ಟನ್ನೂ ಎಣಿಸಿ ವಾಪಸು ಮನೆಗೆ ತರುವುದು ನಿಮ್ಮ ಜವಾಬ್ದಾರಿ. ಮೆರವಣಿಗೆ ಮುಗಿದ ರಸ್ತೆಯಲ್ಲಿ ಅವು ಚಪ್ಪಲಿಯ ಕೆಳಗೆ ಬಿದ್ದಿರಬಾರದು.

ಅಳತೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಧ್ವಜಕ್ಕೆ ಒಂಬತ್ತು ಮಾನಕ ಅಳತೆಗಳಿವೆ. ಅತಿ ದೊಡ್ಡದು 6300ಕ್ಕೆ 4200 ಮಿಲಿಮೀಟರ್, ಅಂದರೆ ಸುಮಾರು ಇಪ್ಪತ್ತೊಂದಕ್ಕೆ ಹದಿನಾಲ್ಕು ಅಡಿ. ಅತಿ ಚಿಕ್ಕದು 150ಕ್ಕೆ 100, ಮೇಜಿನ ಮೇಲಿಡುವುದು. 225ಕ್ಕೆ 150ರದ್ದು ಮೋಟಾರು ಕಾರಿಗೆ. ಕಾರು ಅಂದ ಕೂಡಲೇ ನಿಮ್ಮ ಕಾರು ಎಂದುಕೊಳ್ಳಬೇಡಿ. ಕಾರಿನ ಮೇಲೆ ಧ್ವಜ ಹಾರಿಸುವ ಹಕ್ಕು ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳು, ನ್ಯಾಯಮೂರ್ತಿಗಳು, ಹೀಗೆ ಸಂಹಿತೆ ಹೆಸರಿಸಿದ ಸ್ಥಾನಗಳಲ್ಲಿರುವವರಿಗೆ ಮಾತ್ರ. ಮನೆಗೆ 900ಕ್ಕೆ 600 ಸಾಕು, ಶಾಲೆಗೆ, ಸಂಘದ ಕಚೇರಿಗೆ 1350ಕ್ಕೆ 900 ಅಥವಾ 1800ಕ್ಕೆ 1200 ಚೆಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಕಂಬಕ್ಕೂ ಹೊಂದುತ್ತದೆ. ಗಿಡ್ಡ ಕಂಬಕ್ಕೆ ದೊಡ್ಡ ಧ್ವಜ ಕಟ್ಟಿದರೆ ಗಾಳಿ ನಿಂತಾಗ ಅದು ಗೋಡೆಯನ್ನೋ ನೆಲವನ್ನೋ ಮುಟ್ಟುತ್ತದೆ. ನೆಲ ಮುಟ್ಟಿಸಬಾರದು, ನೀರಿನಲ್ಲಿ ಎಳೆದಾಡಬಾರದು.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಜನವರಿ ಇಪ್ಪತ್ತಾರು. ಹಿಂದಿನ ದಿನದ ಮಧ್ಯಾಹ್ನ ಯಾರಿಗೋ ನೆನಪಾಗಿ ಪೇಟೆಯಿಂದ ಧ್ವಜ ತಂದರು. ರಾಟೆಗೆ ಎಣ್ಣೆ ಬಿಟ್ಟು ವರ್ಷವೇ ಆಗಿತ್ತು, ಹಗ್ಗ ಬಿಸಿಲಿಗೆ ಸವೆದಿತ್ತು. ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾರೆ, ಅತಿಥಿಗಳು ಹಗ್ಗ ಎಳೆಯುತ್ತಾರೆ, ಗಂಟು ಬಿಚ್ಚದು. ಜೋರಾಗಿ ಎಳೆದರು. ಕೊಳವೆಯ ಹೊಲಿಗೆ ಚರ್ರೆಂದು ಹರಿದು ಧ್ವಜ ಅರ್ಧಕ್ಕೆ ಜೋತುಬಿತ್ತು. ಯಾರೂ ಮಾತಾಡಲಿಲ್ಲ. ಮೊದಲ ಸಾಲಿನಲ್ಲಿದ್ದ ಎರಡನೇ ಇಯತ್ತೆಯ ಹುಡುಗಿ ಅಳಲು ಶುರುಮಾಡಿದಳು. ಅವತ್ತು ಸಂಜೆ ಆ ಬಟ್ಟೆಯನ್ನು ಮನೆಗೆ ತಂದು ಬಿಚ್ಚಿ ನೋಡಿದೆ. ಒಂದು ಇಂಚಿಗೆ ಐದೇ ಹೊಲಿಗೆ ಬಿದ್ದಿತ್ತು, ಅದೂ ಒಂದೇ ಸಾಲು. ಅಲ್ಲಿಂದೀಚೆಗೆ ನಾನಿದ್ದ ಶಾಲೆಯಲ್ಲಿ ಧ್ವಜವನ್ನು ವಾರ ಮೊದಲೇ ತೆಗೆದು, ಹೊಲಿಗೆ ನೋಡಿ, ಹಗ್ಗ ಎಳೆದು, ರಾಟೆಗೆ ಎಣ್ಣೆ ಬಿಡಿಸುತ್ತಿದ್ದೆ. ನೀವೂ ಹಾಗೆ ಮಾಡಿ. ಹಗ್ಗ ಸವೆದಿದ್ದರೆ ಬದಲಿಸಿ. ಹೂವಿನ ದಳ ಹಾಕಿ ಕಟ್ಟುವ ಪದ್ಧತಿಗೆ ಅಡ್ಡಿಯಿಲ್ಲ, ಆದರೆ ನೀರು ಚಿಮುಕಿಸಿದ ಚೆಂಡುಹೂ ಹಾಕಬೇಡಿ, ಬಿಳಿ ಪಟ್ಟಿಯ ಮೇಲೆ ಕರೆ ಹತ್ತುತ್ತದೆ. ದಳ ಬಿಡಿಸಿ, ನೆರಳಲ್ಲಿ ಸ್ವಲ್ಪ ಆರಿಸಿ, ಒಂದು ಹಿಡಿ ಸಾಕು. ಗಂಟನ್ನು ಒಂದು ಸಲ ಎಳೆದರೆ ಬಿಚ್ಚುವ ಹಾಗೆ ಹಾಕಿ, ಹಿಂದಿನ ಸಂಜೆ ಬೇರೆ ಬಟ್ಟೆ ಕಟ್ಟಿ ಎಳೆದು ನೋಡಿ.

ಏರಿಸುವಾಗ ಚುರುಕಾಗಿ ಏರಿಸಿ, ಇಳಿಸುವಾಗ ನಿಧಾನ, ಗೌರವದಿಂದ. ಕೇಸರಿ ಮೇಲೆ ಬಂದಿದೆಯೇ ಎಂದು ಒಬ್ಬರಲ್ಲ, ಇಬ್ಬರು ನೋಡಿ. ಗೋಡೆಗೆ ಉದ್ದುದ್ದ ತೂಗುಹಾಕುವುದಾದರೆ ಎದುರು ನಿಂತವರ ಎಡಗಡೆಗೆ ಕೇಸರಿ ಬರಬೇಕು, ಬಹಳ ಜನ ತಪ್ಪುವುದು ಇಲ್ಲೇ. ನವೆಂಬರಿನಲ್ಲಿ ನಮ್ಮ ಕನ್ನಡ ಬಾವುಟ ಕಟ್ಟುವಾಗ ರಾಷ್ಟ್ರಧ್ವಜದ ಕಂಬಕ್ಕೇ ಅದನ್ನೂ ಸೇರಿಸಬೇಡಿ. ಒಂದು ಕಂಬಕ್ಕೆ ಒಂದೇ ಧ್ವಜ. ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಇನ್ನೊಂದು ಇರಬಾರದು. ದೂರದೇಶದ ಕನ್ನಡ ಸಂಘಗಳಲ್ಲಿ ಎರಡನ್ನೂ ಪ್ರೀತಿಯಿಂದ ಹಾರಿಸುವ ನಮ್ಮ ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಊರಿಗೆ ಬಂದಾಗ ಹಪ್ಪಳ ಸಂಡಿಗೆಯ ಜೊತೆ ಒಂದು ಖಾದಿ ಧ್ವಜವನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿ.

ಇನ್ನು ಮಾಡಬಾರದ್ದು. ಧ್ವಜದ ಮೇಲೆ ಏನನ್ನೂ ಬರೆಯಬೇಡಿ, ಅಂಗಡಿಯ ಹೆಸರನ್ನಂತೂ ಬೇಡವೇ ಬೇಡ. ದಿಂಬಿನ ಚೀಲ, ಕರವಸ್ತ್ರ, ಮೇಜಿನ ಹಾಸು ಮಾಡಬೇಡಿ. ಸೊಂಟದ ಕೆಳಗಿನ ಉಡುಪಿಗೆ ಬಳಸಬೇಡಿ. ವಾಹನದ ಮೇಲೆ, ಹಿಂದೆ, ಪಕ್ಕದಲ್ಲಿ ಹೊದಿಸಬೇಡಿ. ಬೈಕಿನ ಹಿಂದೆ ಕೋಲು ಸಿಕ್ಕಿಸಿಕೊಂಡು ಕೂಗುತ್ತ ಹೋಗುವ ಹುಡುಗರೇ, ನಿಮ್ಮ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಹಾರಿ ಬಿದ್ದ ಧ್ವಜವನ್ನು ಗಾಡಿ ನಿಲ್ಲಿಸಿ ಎತ್ತಿಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ. 1971ರ ಕಾಯಿದೆಯ ಪ್ರಕಾರ ಧ್ವಜಕ್ಕೆ ಅವಮಾನ ಮಾಡಿದರೆ ಮೂರು ವರ್ಷದ ತನಕ ಜೈಲು ಆಗಬಹುದು. ಆದರೆ ಜೈಲಿಗೆ ಹೆದರಿ ನೀವು ಇದನ್ನು ಪಾಲಿಸಬೇಕಿಲ್ಲ.

‘ಬಟ್ಟೆ ತಾನೇ, ಅದಕ್ಕೆ ಇಷ್ಟೆಲ್ಲ ಯಾಕೆ’ ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಒಳ್ಳೆಯ ಪ್ರಶ್ನೆ. ಅವನನ್ನು ಕೂರಿಸಿಕೊಂಡು ಮೂರು ಊರಿನ ಹೆಸರು ಹೇಳಿದೆ. 1923ರಲ್ಲಿ ನಾಗಪುರದಲ್ಲಿ ಧ್ವಜ ಹಿಡಿದು ನಡೆಯುವುದನ್ನು ತಡೆದಾಗ ನಮ್ಮ ಹುಬ್ಬಳ್ಳಿಯಿಂದ ಡಾ. ನಾ. ಸು. ಹರ್ಡೀಕರ್ ಸ್ವಯಂಸೇವಕರ ಜೊತೆ ಹೋಗಿ ಜೈಲು ಸೇರಿದರು. ಆಗ ಧ್ವಜದ ನಡುವೆ ಚಕ್ರದ ಬದಲು ಚರಕವಿತ್ತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಹಳ್ಳಿಯ ಜನರ ಮೇಲೆ ಗುಂಡು ಹಾರಿತು, ಜೀವ ಹೋದವು. ಅವರ ಕೈಯಲ್ಲಿದ್ದದ್ದೂ ಬಟ್ಟೆಯೇ, ಯಾರೋ ಚರಕದಲ್ಲಿ ನೂತ ನೂಲಿನದು. ಹುಡುಗ ಸುಮ್ಮನಾದ. ಮರುದಿನ ಅವನ ಶಾಲೆಯ ಧ್ವಜವನ್ನು ಮಡಚಲು ಕಲಿಸಿ ಎಂದು ನನ್ನ ಹತ್ತಿರ ಬಂದ.

ಬಳಸಿ ಬಳಸಿ ಧ್ವಜ ಹರಿದರೆ, ಬಣ್ಣ ಕಳೆದರೆ ಏನು ಮಾಡಬೇಕು? ಒರೆಸುವ ಬಟ್ಟೆ ಮಾಡಬೇಡಿ, ಕಸದ ಗಾಡಿಗೆ ಹಾಕಬೇಡಿ, ತುಂಡು ಮಾಡಬೇಡಿ. ಇಡಿಯಾಗಿ, ಯಾರ ಪ್ರದರ್ಶನಕ್ಕೂ ಅಲ್ಲದ ಹಾಗೆ ಮರೆಯಲ್ಲಿ, ಗೌರವದಿಂದ ಸುಡುವುದು ಸಂಹಿತೆ ಹೇಳಿದ ದಾರಿ. ಅದರ ಘನತೆಗೆ ತಕ್ಕ ಬೇರೆ ರೀತಿಗೂ ಅವಕಾಶವಿದೆ. ಖಾದಿಯಾದರೆ ಹಿತ್ತಲಿನ ಶುಚಿಯಾದ ಜಾಗದಲ್ಲಿ ಸುಟ್ಟು ಬೂದಿಯನ್ನು ಗಿಡದ ಬುಡಕ್ಕೆ ಸೇರಿಸಿ, ಹತ್ತಿ ಬಂದ ಮಣ್ಣಿಗೇ ಹೋಗುತ್ತದೆ. ಪಾಲಿಯೆಸ್ಟರ್ ಸುಟ್ಟರೆ ಕರಗಿ ಅಂಟಾಗುತ್ತದೆ, ಹೊಗೆ ಕೆಟ್ಟದ್ದು, ಅದನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ ಹೂಳುವುದು ಮೇಲು.

ಹರಿಯದೆ ಮಾಸಿದ್ದರೆ ತೊಳೆಯಿರಿ. ಯಂತ್ರಕ್ಕೆ ಹಾಕಬೇಡಿ. ಶುಚಿಯಾದ ಬಕೆಟ್ಟಿನಲ್ಲಿ ತಣ್ಣೀರು, ಅಂಟುವಾಳದ ನೀರೋ ಮೃದುವಾದ ಸೋಪೋ ಸಾಕು. ನೆನೆಸಿಡಬೇಡಿ, ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ನೆರಳಿನಲ್ಲಿ, ಅಗಲವಾಗಿ ಹರವಿ ಒಣಗಿಸಿ. ಮಳೆಗೆ ನೆನೆದದ್ದನ್ನೂ ಹೀಗೆಯೇ ಒಣಗಿಸಿ, ಎಷ್ಟೇ ದಣಿದಿದ್ದರೂ ಅದೇ ರಾತ್ರಿ. ಗಂಜಿ ಹಾಕಿ ಎತ್ತಿಡಬೇಡಿ, ಗಂಜಿಗೆ ಹುಳ ಬರುತ್ತದೆ. ಇಸ್ತ್ರಿ ಮಾಡುವಾಗ ಚಕ್ರದ ಮೇಲೆ ತೆಳ್ಳನೆಯ ಬಟ್ಟೆ ಹಾಸಿಕೊಳ್ಳಿ.

ಮಡಚುವಾಗ ಇಬ್ಬರು ನಿಲ್ಲಿ. ಧ್ವಜವನ್ನು ಅಡ್ಡಕ್ಕೆ ಬಿಗಿಯಾಗಿ ಹಿಡಿದು, ಕೇಸರಿಯನ್ನೂ ಹಸಿರನ್ನೂ ಬಿಳಿ ಪಟ್ಟಿಯ ಕೆಳಕ್ಕೆ ಮಡಚಿ. ಆಮೇಲೆ ಬಿಳಿಯನ್ನು ಎರಡೂ ಬದಿಯಿಂದ ಒಳಕ್ಕೆ ತಂದು, ಚಕ್ರವೂ ಕೇಸರಿ ಹಸಿರಿನ ಸ್ವಲ್ಪ ಭಾಗವೂ ಕಾಣುವ ಹಾಗೆ ಮಾಡಿ. ಅಂಗೈಗಳ ಮೇಲೆ ಎತ್ತಿಕೊಂಡು ಬೀರುವಿನ ತನಕ ಒಯ್ಯಿರಿ, ಕಂಕುಳಲ್ಲಿ ಇರುಕಿಕೊಂಡಲ್ಲ. ಹಳೆಯ ಹತ್ತಿ ಪಂಚೆಯೊಂದರಲ್ಲಿ ಸುತ್ತಿ, ಒಂದು ಚೂರು ಲಾವಂಚದ ಬೇರೋ ಒಣಗಿದ ಬೇವಿನೆಲೆಯೋ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಸುತ್ತಿದ ಪಂಚೆಗೆ ಒಂದು ಚೀಟಿ ಚುಚ್ಚಿ, ಯಾವ ವರ್ಷ ಕೊಂಡದ್ದು, ಅಳತೆ ಎಷ್ಟು, ಯಾವಾಗ ತೊಳೆದದ್ದು ಅಂತ ಮನೆಯ ಚಿಕ್ಕವರ ಕೈಯಲ್ಲಿ ಬರೆಸಿ. ಮುಂದಿನ ಜನವರಿಗೆ ಅದನ್ನು ತೆಗೆಯುವ ಕೆಲಸವನ್ನೂ ಅವರಿಗೇ ಒಪ್ಪಿಸಿ.